ಅಪ್ಪನ ಹಾಡಿಗೂ ಸ್ಟಾಪು

ಬಸ್ಸು ಓಡಿಸುತ್ತಿದ್ದ ಅಪ್ಪನಿಗೆ ಹಾಡಿನ ಹುಚ್ಚು. ಕಂಠವೇನೂ ಕೋಗಿಲೆಯದಲ್ಲ, ಏರು ರಸ್ತೆಯಲ್ಲಿ ಅಪ್ಪನ ಶ್ರುತಿ ಯಾವುದು, ಎಂಜಿನ್ನಿನ ಗೊಣಗಾಟ ಯಾವುದು ಎಂದು ದೇವರಿಗೇ ಗೊತ್ತು. ನೂರು ಹಾಡು ಗೊತ್ತಿದ್ದರೂ ಸ್ಟಿಯರಿಂಗ್ ಹಿಡಿದರೆ ನಾಲಿಗೆಗೆ ಬರುತ್ತಿದ್ದುದು ಒಂದೇ, ಮನೆಗೆ ಮರಳುವ ಪಾರಿವಾಳದ ಮೇಲಿನ ಹಳೆಯ ಹಾಡು. ಸ್ಟಾಪು ಬಂದರೆ ಮಾತ್ರ, ಪದ ಅರ್ಧವಾಗಿದ್ದರೂ ಸರಿ, ಬಾಯಿ ಮುಚ್ಚುತ್ತಿದ್ದ. ಕನ್ನಡಿಯಲ್ಲಿ ಇಳಿಯುವವರ ಕಾಲನ್ನೇ ನೋಡುತ್ತಿದ್ದ. ಹಿಂದಿನಿಂದ ಕಂಡಕ್ಟರ್ "ರೈಟ್" ಅಂದ ಮೇಲೆಯೇ ಬಸ್ಸೂ ಹಾಡೂ ಬಿಟ್ಟಲ್ಲಿಂದ ಮುಂದಕ್ಕೆ.

"ಹಾಡೇನು ಓಡಿ ಹೋಗಲ್ಲ. ಇಳಿಯೋ ಅಜ್ಜಿ ಕಾಲು ಮೊದ್ಲು ನೆಲ ಮುಟ್ಲಿ" ಎನ್ನುತ್ತಿದ್ದ.

ಈ ಚಾಳಿ ಮನೆಗೂ ಬಂತು. ರಜೆಯ ದಿನ ಬಚ್ಚಲಲ್ಲಿ ಕೂತು ಎಲ್ಲರ ಬಟ್ಟೆ ಒಗೆಯುತ್ತ ಹಾಡುವಾಗ ಯಾರಾದರೂ ಬಾಗಿಲು ಬಡಿದರೆ ಸಾಕು, ಹಾಡಿಗೆ ಬ್ರೇಕು. ಆಮೇಲೆ ಒಬ್ಬರು "ರೈಟ್" ಅನ್ನದೆ ಮುಂದೆ ಹೋಗುತ್ತಿರಲಿಲ್ಲ. ಮಗಳು ಎಲ್ಲಿದ್ದರೂ ಕೂಗುತ್ತಿದ್ದಳು. ಅಮ್ಮ ಮಾತ್ರ ಜಪ್ಪಯ್ಯ ಅಂದರೂ ಅನ್ನುತ್ತಿರಲಿಲ್ಲ.

"ಒಂದ್ಸಲ ನೀನೂ ಹೇಳೇ" ಎಂದು ಅಪ್ಪ ಗೋಗರೆಯುತ್ತಿದ್ದ.

"ನಾನೇನ್ ನಿಮ್ಮ ಕಂಡಕ್ಟರಾ? ಹಾಡಿದ್ದೇ ಹಾಡೋ ಕಿಸಬಾಯಿ ದಾಸ! ಬೇಗ ಹಿಂಡ್ರೀ, ಬಿಸಿಲು ಹೋಗತ್ತೆ."

ಹೀಗೆ ಬೈಯುವ ಅಮ್ಮ, ಅವನ ಹಾಡು ಕೇಳಿಸಲೆಂದು ಅಡುಗೆಮನೆಯ ನಲ್ಲಿ ನಿಲ್ಲಿಸುವುದನ್ನು ಮಗಳು ಎಷ್ಟೋ ಸಲ ನೋಡಿದ್ದಳು.

ಅವಳು ಹಾಡು ಕಲಿತದ್ದೂ ಅಪ್ಪನಿಂದಲೇ, ಬ್ರೇಕಿನ ಸಮೇತ. ಶಾಲೆಯ ಸ್ಪರ್ಧೆಯಲ್ಲಿ ಎರಡನೆಯ ಚರಣದ ನಡುವೆ ಗಪ್ಪನೆ ನಿಂತು ಕಾದಳು. ಅಲ್ಲಿ ಯಾರು "ರೈಟ್" ಅನ್ನಬೇಕು? ಹುಡುಗಿ ಸಾಲು ಮರೆತಳೆಂದುಕೊಂಡರು, ಬಹುಮಾನ ಕೈತಪ್ಪಿತು. ಅಪ್ಪ ಮಾತ್ರ "ನನ್ ಮಗಳು ಸ್ಟಾಪ್ ಬಿಟ್ಟು ಹೋಗೋಳಲ್ಲ" ಎಂದು ಹೊಟ್ಟೆ ಹುಣ್ಣಾಗುವಂತೆ ನಕ್ಕ.

ಅವನು ತೀರಿಕೊಂಡ ಮೇಲೆ ಒಂದು ಸಂಜೆ ಡಿಪೋದವರು ಅವನ ನೆನಪಿಗೆಂದು ಸೇರಿದರು. ಆ ಹಾಡನ್ನೇ ಹಾಡುತ್ತೇನೆಂದು ಮಗಳು ಹಟ ಹಿಡಿದಳು.

"ಬೇಡ ಕಣೇ" ಎಂದಳು ಅಮ್ಮ. "ನೀನು ಮಧ್ಯದಲ್ಲಿ ಅತ್ತು ನಿಂತ್ಬಿಟ್ರೆ ನನ್ ಕೈಲಿ ತಡ್ಕೊಳೋಕಾಗಲ್ಲ."

"ನಿಲ್ಲಲ್ಲಮ್ಮ. ಅಪ್ಪನಿಗೋಸ್ಕರ ಒಂದ್ಸಲನಾದ್ರೂ ಪೂರ್ತಿ ಮುಗಿಸ್ತೀನಿ."

ನಿಲ್ಲಿಸಿದ ಬಸ್ಸುಗಳ ನಡುವೆ ಕುರ್ಚಿ ಹಾಕಿದ್ದರು. ಡೀಸೆಲ್ ವಾಸನೆ, ಅಪ್ಪನ ಅಂಗಿಯದೇ ವಾಸನೆ. ಮೊದಲ ಚರಣ ಸಲೀಸಾಗಿ ಸಾಗಿತು. ಎರಡನೆಯದರಲ್ಲಿ ಪದ ಅರ್ಧಕ್ಕೇ ನಿಂತಿತು. ಅಪ್ಪನ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ ಅವಳಿಗೆ ಉಸಿರೇ ಹೊರಡಲಿಲ್ಲ. ಹಿಂದೆ ನಿಂತಿದ್ದ ಹಳೆಯ ಕಂಡಕ್ಟರ್ ಏನೋ ಹೇಳಲು ಬಾಯಿ ತೆರೆದ. ಅವನಿಗೂ ದನಿ ಬರಲಿಲ್ಲ.

ಮುಂದಿನ ಕುರ್ಚಿಯಲ್ಲಿದ್ದ ಅಮ್ಮ ಕಣ್ಣೊರೆಸಿಕೊಂಡು ತಲೆ ಎತ್ತಿದಳು.

"ರೈಟ್" ಎಂದಳು.

ಮಗಳು ಬಿಟ್ಟ ಅಕ್ಷರದಿಂದಲೇ ಮುಂದಕ್ಕೆ ಹೊರಟಳು.