ಹೊಲಕ್ಕೆ ಹೊಡೆದ ಎಣ್ಣಿ

ಬಿಸಿಲಿಗೆ ಬಂದರೆ ಸಾಕು, ಡಾಕ್ಟರ್ ಮೇಡಂ ಅವರ ಎಡಗಣ್ಣಿನಿಂದ ನೀರು ಸುರಿಯುತ್ತಿತ್ತು. ಸೆರಗಿನಿಂದ ಒರೆಸಿಕೊಳ್ಳುತ್ತಲೇ ಮಾತಾಡಿಸುವರು. ಅಳುವ ಡಾಕ್ಟರನ್ನು ನಮ್ಮ ಉಟ್ಕೂರು ಕಡೆಯವರು ಎಲ್ಲಿ ಕಂಡಿದ್ದರು? ಪಾಪ ಎಂದು ಅವರಿಗೇ ಮಜ್ಜಿಗೆ ಕೊಟ್ಟು ಸಮಾಧಾನ ಮಾಡುತ್ತಿದ್ದರು.

ಹತ್ತಿ ಬೆಳೆಯುವ ನಮ್ಮ ಊರುಗಳಲ್ಲಿ ಗಟ್ಟಿಮುಟ್ಟಾದ ಗಂಡಸರ ಕಿಡ್ನಿ ಯಾಕೆ ಕೆಡುತ್ತಿದೆ ಎಂದು ಹುಡುಕಲು ಬಂದವರು ಅವರು. ಮನೆ ತೋರಿಸುವ ಕೆಲಸ ನನ್ನದು. ರೋಗಿಯ ಮನೆ ಮುಗಿಸಿ, ಪಕ್ಕದ ಆರೋಗ್ಯವಂತರ ಮನೆಗೂ ಹೋಗಿ ಅವೇ ಪ್ರಶ್ನೆ ಕೇಳುವರು. ಅಲ್ಲೇನು ಕೆಲಸ ಎಂದು ನಾನು ಗೊಣಗಿದರೆ, "ಬ್ಯಾನಿ ಬಂದವ್ರನ್ನಷ್ಟ ಕೇಳಿದ್ರ ಅರ್ಧಾನ ಗೊತ್ತಾಗ್ತೈತಪ್ಪ. ಬರದವ್ರು ಏನು ಮಾಡಿಲ್ಲ ಅನ್ನೋದೂ ಬೇಕು" ಎನ್ನುವರು.

ಅವರಿಗಿಂತ ಮೊದಲು ಪಟ್ಟಣದ ಹುಡುಗರು ಇದೇ ಸರ್ವೆಗೆಂದು ಬಂದು "ಎಣ್ಣೆ ಹೊಡೀತೀರಾ?" ಎಂದು ಕೇಳಿ ಹೋಗಿದ್ದರು. ಅವರು ಕೇಳಿದ್ದು ಕುಡಿತದ ವಿಷಯ. ನಮ್ಮಲ್ಲಿ ಎಣ್ಣಿ ಹೊಡೆಯುವುದೆಂದರೆ ಬೆಳೆಗೆ ಕೀಟನಾಶಕ ಹೊಡೆಯುವುದು. ನಮ್ಮ ಅಕ್ಕನ ಗಂಡ, ಸೇಂದಿಯ ವಾಸನೆಗೂ ಮುಖ ತಿರುಗಿಸುವ ಮನುಷ್ಯ, "ಹೂಂರಿ, ಸೀಜನ್‌ನ್ಯಾಗ ದಿನಾ ಹೊಡಿತೀನಿ" ಎಂದುಬಿಟ್ಟರು. ಉಳಿದ ರೋಗಿಗಳೂ ಹೀಗೇ ಹೇಳಿದರು; ಕಿಡ್ನಿ ಹೋದವರೆಲ್ಲ ಕುಡುಕರು ಎಂದು ತೀರ್ಮಾನವಾಯಿತು. ಊರೂ ನಂಬಿತು.

ಮೇಡಂ ಈ ತಪ್ಪನ್ನು ಹಿಡಿದದ್ದು ಅಕ್ಕನ ಅಂಗಳದಲ್ಲಿ. "ನೀವು ಕುಡಿದ ಎಣ್ಣಿನೋ, ಹೊಲಕ್ಕ ಹೊಡೆದ ಎಣ್ಣಿನೋ?" ಎಂದು ಕೇಳಿದರು. ಭಾವ ನಕ್ಕರು. ಡಯಾಲಿಸಿಸ್ ಶುರುವಾದ ಮೇಲೆ ಅವರು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. ಮೇಡಂ ಎಲ್ಲ ಮನೆಗಳನ್ನೂ ಮೊದಲಿನಿಂದ ಸುತ್ತತೊಡಗಿದರು.

ಆ ಸುತ್ತು ಮುಗಿಯುವುದರೊಳಗೆ ಭಾವ ತೀರಿಕೊಂಡರು. ಮಾತಾಡಿಸಲು ಬಂದ ಮೇಡಂ ಅವರ ಕೈಯನ್ನು ಅಕ್ಕ ಬಿಡಲಿಲ್ಲ.

"ನನ್ನ ಮಗ ಅವರದ ಎಣ್ಣಿ ಹೊಡಿಯೋ ಪಂಪು ಬೆನ್ನಿಗೆ ಹಾಕ್ಕೊಂಡು ಹೊಂಟಾನ್ರಿ. ಅದರಿಂದನ ಆತೋ ಇಲ್ಲೋ, ಒಂದು ಮಾತು ಹೇಳ್ರಿ."

"ಇನ್ನೂ ಗೊತ್ತಿಲ್ಲವ್ವ. ಬೋರಿನ ನೀರೂ ಇರಬಹುದು, ಬಿಸಿಲೂ ಇರಬಹುದು. ಗೊತ್ತಾಗೋ ತನಕ ಅಂವಗ ಪಂಪು ಮುಟ್ಟಾಕ ಬಿಡಬ್ಯಾಡ." ಆ ದಿನ ಮೇಡಂ ಎರಡೂ ಕಣ್ಣು ಒರೆಸಿಕೊಂಡರು.

ಹೋದ ಶ್ರಾವಣದಲ್ಲಿ ಮೇಡಂ ಹೃದಯಾಘಾತದಿಂದ ಹೋದರು. ಅವರ ಕೆಲಸ ಅರ್ಧಕ್ಕೇ ನಿಂತಿದೆ. ಭಾವನನ್ನು ಈಗ ಊರಲ್ಲಿ ಯಾರೂ ಕುಡುಕ ಅನ್ನುವುದಿಲ್ಲ. ಆ ಋಣ ನಮ್ಮ ಮೇಲಿದೆ. ಮೇಡಂ ತೀರಿಹೋದ ಸುದ್ದಿ ಹೇಳಲು ಅಕ್ಕನ ಮನೆಗೆ ಹೋದಾಗ ಹತ್ತಿಗೆ ಹುಳ ಬಿದ್ದಿತ್ತು. ಮಗ ಹೊಸ್ತಿಲಲ್ಲಿ ಚಡಪಡಿಸುತ್ತಿದ್ದ. ಅಕ್ಕ ಗೋಡೆಗೆ ತೂಗುಹಾಕಿದ್ದ ಪಂಪನ್ನೇ ನೋಡುತ್ತ ಕೂತಳು.

"ಇನ್ನ ಯಾರನ್ನ ಕೇಳ್ಲೋ ತಮ್ಮಾ?" ಎಂದಳು.