ಹುಳುಮನೆಯ ಕಾಯಿದೆ

ಸೋದರತ್ತೆಯ ಬೆರಳ ತುದಿಗಳು ಸದಾ ಬೆಳ್ಳಗೆ ಬಿರುಕು ಬಿಟ್ಟಿರುತ್ತಿದ್ದವು. ಅವರ ಕೀಬೋರ್ಡಿಗೂ ಬ್ಲೀಚಿಂಗ್ ಪೌಡರಿನ ವಾಸನೆ. ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳಿ ನಿವೃತ್ತರಾದ ಮೇಲೆ ಶಿಡ್ಲಘಟ್ಟದಾಚೆಯ ತಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಹುಳುಮನೆಗೆ ಹೋಗುವವರು ಬಾಗಿಲಲ್ಲೇ ಬ್ಲೀಚಿಂಗ್ ನೀರಿನಲ್ಲಿ ಕೈಕಾಲು ತೊಳೆಯಬೇಕು. ಅದು ಸರಿ, ಹುಳು ಸಾಕುವವರೆಲ್ಲ ಮಾಡುವುದೇ. ಈ ಮಹಾತಾಯಿ ಕಂಪ್ಯೂಟರ್ ಕೋಣೆಗೂ ಅದೇ ಕಾಯಿದೆ ಮಾಡಿದ್ದರು.

“ನನ್ ಕಾಲಿಂದ ಕಂಪ್ಯೂಟರಿಗೆ ಯಾವ ರೋಗ ಬರತ್ತೆ ಅತ್ತೆ?” ಎಂದು ಒಮ್ಮೆ ರೇಗಿದ್ದೆ.

“ಕಾಲಿಂದ ಬರಲ್ಲಮ್ಮ. ಕಾಲು ತೊಳ್ಕೊಳ್ಳೋಳು ಕೈಯಲ್ಲಿ ಏನು ತಂದಿದೀನಿ ಅಂತ್ಲೂ ನೋಡ್ಕೋತಾಳೆ.”

ನಾನು ಕೈಯಲ್ಲಿದ್ದ ಪೆನ್‌ಡ್ರೈವನ್ನು ಬ್ಯಾಗಿಗೆ ಹಾಕಿದೆ.

ಆಗ ನಾನು ಚಿಕ್ಕಬಳ್ಳಾಪುರದ ಮನೆಯಲ್ಲೇ ಕೂತು ರವಿಕೆ ಹೊಲಿಯುತ್ತಿದ್ದೆ. ಬಸ್ ನಿಲ್ದಾಣದ ಎದುರು ಒಂದು ಮಳಿಗೆ ಖಾಲಿಯಾಗಿತ್ತು. ಅಡ್ವಾನ್ಸ್ ಕೊಟ್ಟರೆ ನನ್ನದೇ ಅಂಗಡಿ. ಮಾಲೀಕರು ದಸರಾವರೆಗೆ ಕಾಯುತ್ತೇನೆ ಎಂದಿದ್ದರು. ನನ್ನ ಉಳಿತಾಯವೆಲ್ಲ ಕಾಲೇಜು ದಿನಗಳಲ್ಲಿ ಕೊಂಡ ಕ್ರಿಪ್ಟೊ ಕಾಯಿನ್‌ಗಳಲ್ಲಿತ್ತು. ಅವುಗಳ ವಾಲೆಟ್ ಪ್ರೋಗ್ರಾಂ ಹಳೆಯದಾಗಿ, ನನ್ನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ತೆರೆಯುತ್ತಲೇ ಇರಲಿಲ್ಲ. ಅದನ್ನು ಬರೆದವರು ಹೊಸ ಕೋಡ್ ಮಾತ್ರ ಕೊಟ್ಟು, ಬೇಕಾದವರು ಅದರಿಂದ ಪ್ರೋಗ್ರಾಂ ಕಟ್ಟಿಕೊಳ್ಳಿ ಎಂದು ಕೈತೊಳೆದುಕೊಂಡಿದ್ದರು. ಯಾರೋ ಪುಣ್ಯಾತ್ಮ ಕಟ್ಟಿ ಇಂಟರ್ನೆಟ್ಟಿನಲ್ಲಿ ಹಾಕಿದ್ದ. ನಾನು ಅದನ್ನೇ ಇಳಿಸಿಕೊಳ್ಳುವವಳಿದ್ದೆ. ಅತ್ತೆ ಬಿಡಬೇಕಲ್ಲ!

“ಮೊಟ್ಟೆ ಎಲ್ಲಿಂದ ಬಂತು ಅಂತ ಗೊತ್ತಿಲ್ದೆ ಹುಳ ಸಾಕ್ತೀವೇನೇ? ಬೀಗದ ಕೈನೆಲ್ಲ ಅದಕ್ಕೇ ಒಪ್ಪಿಸ್ತೀಯ. ಉಂಡವೇ, ನಾನೇ ಕಟ್ಕೊಡ್ತೀನಿ.” ಆತುರದವರಿಗೆ ತಾಳು ಎನ್ನುವಾಗ ಅತ್ತೆಗೆ ತೆಲುಗೇ ಬರುತ್ತಿತ್ತು.

ಅವರದು ಲಿನಕ್ಸ್ ಕಂಪ್ಯೂಟರ್. ಅದರಲ್ಲಿ ಕೂತು ವಿಂಡೋಸ್‌ನಲ್ಲಿ ಓಡುವ ಪ್ರೋಗ್ರಾಂ ಕಟ್ಟುವುದಕ್ಕೆ ಕ್ರಾಸ್ ಕಂಪೈಲ್ ಎನ್ನುತ್ತಾರೆ. ಎದುರಿಗಿಲ್ಲದವರಿಗೆ ಅಳತೆಯ ಮೇಲೆ ರವಿಕೆ ಹೊಲಿದ ಹಾಗೆ. ವಾಲೆಟ್ ಬಳಸುವ ಲೈಬ್ರರಿಗಳನ್ನೂ, ಎಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್ ತುಂಡುಗಳನ್ನೂ, ಒಂದೊಂದಾಗಿ ವಿಂಡೋಸ್ ಅಳತೆಗೇ ಕಟ್ಟಬೇಕು. ನಡುವೆ ಲಿನಕ್ಸ್‌ನ ಒಂದು ಚೂರು ಸೇರಿದರೂ ಕೊನೆಗೆ ಜೋಡಣೆ ಕೂರುವುದಿಲ್ಲ.

ಕೂರಲೂ ಇಲ್ಲ. ಪ್ರತಿ ಭಾನುವಾರ ಬಸ್ ಹತ್ತಿ ಹೋಗುತ್ತಿದ್ದೆ. ಅರ್ಧ ದಿನ ಕಂಪೈಲ್ ಆಗಿ ಒಂದು ಎರರ್ ಬರುತ್ತಿತ್ತು. “ಎಲ್ಲ ತೊಳ್ದ್‌ಬಿಡಣ ಕಣೇ” ಎಂದು ಅತ್ತೆ ಪೂರ್ತಿ ಅಳಿಸಿ ಮೊದಲಿಂದ ಶುರು ಮಾಡುತ್ತಿದ್ದರು. ರೇಷ್ಮೆಗೂಡು ಬಿಡಿಸಿ ಬೆಳೆ ತೆಗೆದ ಮೇಲೆ ಹುಳುಮನೆಯಲ್ಲಿ ಅಳಿದುಳಿದದ್ದನ್ನು ಯಾರೂ ಆರಿಸುತ್ತ ಕೂರುವುದಿಲ್ಲ. ಗುಡಿಸಿ, ಸುಟ್ಟು, ತೊಳೆಯುತ್ತಾರೆ. ಅದೇ ಅಭ್ಯಾಸ.

“ಕೆಟ್ಟಿರೋ ಲೈಬ್ರರಿ ಒಂದನ್ನೇ ಮತ್ತೆ ಕಟ್ಟಿದ್ರೆ ಸಾಲ್ದಾ ಅತ್ತೆ?”

“ಒಂದು ಹುಳಕ್ಕೆ ಬಂದ್ರೆ ಮನೇಗೇ ಬಂತು ಅಂತ ಲೆಕ್ಕ.”

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು! ನನಗೆ ತಲೆ ಚಚ್ಚಿಕೊಳ್ಳುವಂತಾಗುತ್ತಿತ್ತು.

ದಸರಾ ಹತ್ತಿರ ಬಂದಾಗ ಒಂದು ವಾರ ಅಲ್ಲೇ ಉಳಿದೆ. ಎರರ್ ತೋರಿಸಿದ ಕಡೆಯೆಲ್ಲ ಅತ್ತೆ ಹೇಳಿಕೊಟ್ಟ ಹಾಗೆ ನಾನೇ ಕೋಡ್ ತಿದ್ದಿದೆ. ಇನ್ನೊಂದೇ ಜೋಡಣೆ ಬಾಕಿ. ಹುಳುಗಳಿಗೆ ಸೊಪ್ಪು ಹಾಕಿ ಬಾ ಎಂದರು. ಹಾಕಿ, ಕಾಲು ತೊಳೆದು ಒಳಗೆ ಬಂದೆ. ಕೊನೆಯ ಜೋಡಣೆಗೆ ಮುಂಚೆ ಎಲ್ಲ ಚೊಕ್ಕಟವಾಗಿರಲಿ ಎಂದು ಅತ್ತೆ ಇಡೀ ಫೋಲ್ಡರನ್ನೇ ಗುಡಿಸಿ ಹಾಕಿದ್ದರು. ನನ್ನ ತಿದ್ದುಪಡಿಗಳೆಲ್ಲ ಅದರಲ್ಲೇ ಇದ್ದವು.

“ಅಯ್ಯೋ, ಗೂಡೂ ಅದರಲ್ಲೇ ಇತ್ತೇನೇ?” ಎಂದರು.

ಕಾಫಿಯನ್ನೂ ಕುಡಿಯದೆ ಬಸ್ ಹತ್ತಿದೆ. ಮಳಿಗೆ ಮೊಬೈಲ್ ರಿಪೇರಿಯವನ ಪಾಲಾಯಿತು. ಆ ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟೆ. ಅತ್ತೆ ಫೋನ್ ಮಾಡಿದರೆ ಎತ್ತಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಅತ್ತೆ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು. “ಕಾಲಿಗೆ ನೀರು ಕೊಡೇ” ಎಂದರು. ತೊಳೆದುಕೊಂಡು ಒಳಗೆ ಬಂದು, ಸೆರಗಿನ ಗಂಟು ಬಿಚ್ಚಿ ಹೊಸ ಪೆನ್‌ಡ್ರೈವ್ ತೆಗೆದರು. ನನ್ನ ತಿದ್ದುಪಡಿಗಳನ್ನೆಲ್ಲ ಒಬ್ಬರೇ ಕೂತು ಮತ್ತೆ ಮಾಡಿದ್ದರು. ಲ್ಯಾಪ್‌ಟಾಪಿನಲ್ಲಿ ವಾಲೆಟ್ ತೆರೆಯಿತು. ಕಾಯಿನ್‌ಗಳು ಇಟ್ಟಲ್ಲೇ ಇದ್ದವು. ಆ ಪುಣ್ಯಾತ್ಮನ ಪ್ರೋಗ್ರಾಂ ಹಾಕಿಕೊಂಡವರು ವಾಲೆಟ್ ಖಾಲಿಯಾಯಿತೆಂದು ಇಂಟರ್ನೆಟ್ಟಿನಲ್ಲಿ ಗೋಳಾಡುತ್ತಿದ್ದದ್ದನ್ನು ಆ ಹೊತ್ತಿಗಾಗಲೇ ಓದಿದ್ದೆ. ಅತ್ತೆಗೆ ಹೇಳಿದೆ. ನಾನ್ ಹೇಳ್ಲಿಲ್ವಾ ಎನ್ನುತ್ತಾರೆಂದು ಹಲ್ಲು ಕಚ್ಚಿ ಕಾದೆ.

“ಆದ್ರೂ ನಿನ್ ಮಳಿಗೆ ಹೋಯ್ತಲ್ಲಮ್ಮ, ನನ್ನಿಂದ.”

“ಹೂಂ, ನಿಮ್ಮಿಂದ್ಲೇ” ಎಂದೆ. ಸಿಟ್ಟು ಇನ್ನೂ ಇತ್ತು. ಅಳುವೂ ಬಂತು. ಎಲೆ ಹಾಕಿ ಬಡಿಸಿದೆ.

ಕಾಯಿನ್ ಮಾರಿ, ಒಳಗಿನ ಬೀದಿಯಲ್ಲಿ ಅಂಗಡಿ ಹಿಡಿದೆ. ಅತ್ತೆ ಹೋದ ವರ್ಷ ತೀರಿಕೊಂಡರು. ಅವರ ಕಂಪ್ಯೂಟರ್ ಈಗ ನನ್ನ ಹೊಲಿಗೆ ಯಂತ್ರದ ಪಕ್ಕದಲ್ಲಿದೆ. ಉಳಿಸಿಕೊಂಡ ನಾಲ್ಕು ಕಾಯಿನ್‌ಗಳಿಗಾಗಿ ಮೊನ್ನೆ, ವಾಲೆಟ್ ಮತ್ತೆ ಹಳೆಯದಾಗಿ, ಹೊಸದಾಗಿ ಕಟ್ಟಬೇಕಾಯಿತು. ಅರ್ಧ ದಿನ ಓಡಿ ಅದೇ ಹಾಳು ಎರರ್. ಬೈಯಬೇಕೆಂದರೆ ಎದುರಿಗೆ ಅತ್ತೆ ಇಲ್ಲ. ಆ ಒಂದು ಲೈಬ್ರರಿಯನ್ನು ಮಾತ್ರ ಮತ್ತೆ ಕಟ್ಟಿದ್ದರೂ ಆಗುತ್ತಿತ್ತೇನೋ. ನನ್ನ ತಿದ್ದುಪಡಿಗಳನ್ನು ಮೊದಲು ಬೇರೆ ಕಡೆ ಎತ್ತಿಟ್ಟೆ. ಆಮೇಲೆ ಎಲ್ಲವನ್ನೂ ತೊಳೆದು, ಮೊದಲಿಂದ ಶುರು ಮಾಡಿದೆ.