ದೇವಿಯ ಹೆಸರಿನ ಪಥ್ಯ

ರೊಟ್ಟಿ ಬುಟ್ಟಿಯ ಬಿದಿರಿನ ಸಂದುಗಳಿಂದ ಹಬೆ ಮೇಲೇಳುತ್ತಿತ್ತು. ಅದಕ್ಕೆ ಒಣಶುಂಠಿಯ ವಾಸನೆ. ಅವ್ವ ನನ್ನ ಕೈಯಿಂದ ತಟ್ಟೆ ಕಿತ್ತುಕೊಂಡು ಅದರ ಮೇಲೆ ಬುಟ್ಟಿ ಬೋರಲು ಹಾಕಿದ್ದಳು. ಪಕ್ಕದ ಮನೆಯ ಹೆಂಗಸು, ನಾವೆಲ್ಲ ಕಾಕೂ ಎಂದು ಕರೆಯುವವರು, ಅಡುಗೆಮನೆಯ ಬಾಗಿಲಿಗೆ ಬಂದು ನಿಂತಾಗ ನನ್ನ ಬಾಯಲ್ಲಿ ಇನ್ನೂ ಒಂದು ತುತ್ತು ಇತ್ತು. ಅದನ್ನು ಅಗಿಯದೆ, ನುಂಗದೆ, ದವಡೆಗೆ ಒತ್ತಿ ಹಿಡಿದು ಕುಳಿತೆ.

"ಏನ ಕುದಸಾಕತ್ತೀರಿ ವೈನಿ? ಘಮ್ ಅನ್ನಾಕತ್ತೈತಿ," ಎಂದರು ಕಾಕೂ.

"ಇವರಪ್ಪಗ ಕಷಾಯ. ನೆಗಡಿ ಆಗೈತಿ," ಎಂದಳು ಅವ್ವ.

"ಹುಡುಗಿ ಮಾರಿ ನೋಡ್ರಿ, ಎಷ್ಟ ಇಳದೈತಿ. ಓಣ್ಯಾಗ ಎಲ್ಲಾರೂ ಈಕೀದ ಮಾತಾಡಾಕತ್ತಾರ. ನಮ್ಮ ಮಗಳೂ ಅದಾಳ, ಉಪವಾಸ ಅಂತ ಹೇಳಿ ಮುಂಜಾನಿಂದ ಸಂಜೀತನಕಾ ಸಾಬೂದಾಣಿ ಖಿಚಡಿ ತಿಂತಾಳ. ಉಪವಾಸ ಮಾಡಿ ದಪ್ಪ ಆದಾಕಿ ಅಂದ್ರ ನಮ್ಮಾಕಿನ ನೋಡ್ರಿ."

ಅವ್ವ ನಕ್ಕಳು. ನಾನು ತುಟಿ ಮುಚ್ಚಿಕೊಂಡೇ ನಕ್ಕೆ. ಕಾಕೂ ಅದನ್ನು ವ್ರತ ಹಿಡಿದವಳ ಮೌನ ಎಂದು ತಿಳಿದರು. ಹೋಗುವ ಮುಂದೆ ನನ್ನ ತಲೆ ಮುಟ್ಟಿ, ಆ ಕೈಯನ್ನು ತಮ್ಮ ಕಣ್ಣಿಗೆ ಒತ್ತಿಕೊಂಡರು.

ಚಿಕ್ಕೋಡಿಯಲ್ಲಿ ಅದು ನವರಾತ್ರಿಯ ವಾರ. ಮನೆಮನೆಯಲ್ಲೂ ದೇವರ ಮುಂದೆ ಘಟ ಕೂಡಿಸಿ, ಅದರ ಸುತ್ತ ಮಣ್ಣು ಹಾಕಿ ಕಾಳು ಬಿತ್ತಿದ್ದರು. ಹೆಂಗಸರು ಬರಿಗಾಲಲ್ಲಿ ಓಡಾಡುತ್ತಿದ್ದರು. ಅನ್ನ, ರೊಟ್ಟಿ ಬಿಟ್ಟವರನ್ನು ಕಂಡರೆ ದಾರಿ ಬಿಡುವಷ್ಟು ಗೌರವ. ನಾನು ಮಾತ್ರ ಬಾಗಿಲು ಮುಚ್ಚಿದ ಅಡುಗೆಮನೆಯಲ್ಲಿ ಹೊತ್ತು ಹೊತ್ತಿಗೆ ಹೆಸರುಬೇಳೆ ಹಾಕಿದ ಮೆತ್ತನೆಯ ಅನ್ನ ಉಣ್ಣುತ್ತಿದ್ದೆ.

ನನಗೆ ಸಂಧಿವಾತ. ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗಲೇ ಶುರುವಾಗಿತ್ತು. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಊರಿಗೆ ಮರಳಿ ಕಾಲೇಜಿನಲ್ಲಿ ಪಾಠ ಮಾಡಲು ಸೇರಿದ ಮೇಲೆ ದಿನದ ಮೊದಲ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುವುದನ್ನು ವಿದ್ಯಾರ್ಥಿಗಳಿಗೇ ಬಿಟ್ಟುಬಿಡುತ್ತಿದ್ದೆ. ಅವರಿಗೆ ರೂಢಿಯಾಗಲಿ ಎಂದು ಹೇಳುತ್ತಿದ್ದೆ. ಬೆಳಗಾವಿಯ ಡಾಕ್ಟರರ ಗುಳಿಗೆ ನಡೆದಿತ್ತು. ಜೊತೆಗೆ ನಿಪ್ಪಾಣಿಯ ವೈದ್ಯರೊಬ್ಬರ ಬಳಿಗೂ ಹೋಗುತ್ತಿದ್ದೆವು.

ಮಳೆಗಾಲ ಮುಗಿಯುತ್ತಲೇ ಹೊಟ್ಟೆ ತೊಳೆಯುವ ಪದ್ಧತಿ ನಮ್ಮ ಮನೆಯಲ್ಲಿ ಮೊದಲಿನಿಂದ ಇತ್ತು. ಅಜ್ಜಿ ಇದ್ದಾಗ ಒಂದು ರವಿವಾರ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಔಡಲೆಣ್ಣೆ, ಅಂದರೆ ಹರಳೆಣ್ಣೆ, ಕುಡಿಸುತ್ತಿದ್ದಳು. ಆ ದಿನ ಒಂದೇ ಪಾಯಖಾನೆಯ ಮುಂದೆ ಜಗಳ, ನಗೆ ಎರಡೂ ಇರುತ್ತಿದ್ದವು. ಅವ್ವ ನನಗೂ ಹಾಗೇ ಕೊಡಲೇ ಎಂದು ಕೇಳಿದಾಗ ವೈದ್ಯರು ತಲೆ ಅಲ್ಲಾಡಿಸಿದ್ದರು.

"ಜಡ್ಡಿನ ಮೈ ಐತಿ ಇದು. ಕಸಾ ಗುಡಸೂದು ಅಂದ್ರ ನೆಲಾ ಕಿತ್ತ ಒಗಿಯೂದಲ್ಲ. ಹೆಸರಬ್ಯಾಳಿ ಅನ್ನ ಉಣಸ್ರಿ. ಶುಂಠಿ ಹಾಕಿ ಕುದಿಸಿದ ನೀರ ಕುಡಸ್ರಿ. ಮೈಗೆ ಎಣ್ಣಿ ಹಚ್ಚಿ ಬಿಸಿನೀರ ಹಾಕ್ರಿ. ಮಲಗೂ ಮುಂದ ಕಷಾಯದಾಗ ಒಂದ ಚಮಚಾ ಔಡಲೆಣ್ಣಿ, ಸಾಕು. ಬೆಳಗಾವಿ ಗುಳಿಗಿ ಬಿಡಬ್ಯಾಡ್ರಿ. ಹಸಗೊಂಡಂತೂ ಇರಬಾರದು."

ನಮಗಿಂತ ಮೊದಲು ಒಳಗೆ ಹೋಗಿದ್ದ, ಸಕ್ಕರೆ ಕಾಯಿಲೆಯ ಒಬ್ಬ ರೈತನಿಗೆ ಅವರು ಬೈದದ್ದು ಹೊರಗಿನ ಬೆಂಚಿಗೂ ಕೇಳಿಸಿತ್ತು. "ಸಕ್ಕರಿ ಗುಳಿಗಿ ನುಂಗಿ ಖಾಲಿ ಹೊಟ್ಟೀಲೆ ಕುಂತ್ರ, ಹೊಟ್ಟ್ಯಾಗಿನ ಕಸಾ ಅಲ್ಲೋ ಮಾರಾಯಾ, ನೀನ ಹೊರಗ ಹೋಗ್ತಿ." ಬೆಂಚಿನ ಮೇಲಿದ್ದವರೆಲ್ಲ ನಕ್ಕಿದ್ದರು.

ನನ್ನ ಪಥ್ಯ ಶುರುವಾದದ್ದೂ ಘಟ ಕೂತದ್ದೂ ಒಂದೇ ಹೊತ್ತಿಗೆ. ಅದೇ ಹೊತ್ತಿಗೆ ಅಥಣಿಯ ಸಂಬಂಧವೂ ಬಂದಿತ್ತು. ಮಾತುಕತೆ ಮುಗಿದು, ದಸರೆಯ ನಂತರ ನಿಶ್ಚಯ ಎಂದಾಗಿತ್ತು. ನನ್ನ ಕಾಯಿಲೆಯನ್ನು ಅವರಿಗೆ ಹೇಳಿರಲಿಲ್ಲ. ಆಮೇಲೆ ಹೇಳಿದರಾಯಿತು ಎಂದಿದ್ದಳು ಅವ್ವ. ಯಾವುದರ ಆಮೇಲೆ ಎಂದು ನಾನು ಕೇಳಲಿಲ್ಲ.

ಮೊದಲ ದಿನವೇ ಕಾಕೂ ಹೋಳಿಗೆ ತಂದುಕೊಟ್ಟರು. ನಾನು ಮುಟ್ಟಲಿಲ್ಲ. ಯಾಕೆಂದು ಅವರು ಕೇಳುವ ಮೊದಲೇ ಅವ್ವ, "ಆಕಿ ಈ ಸಲ ದೇವಿದು ಹಿಡದಾಳ್ರಿ," ಎಂದುಬಿಟ್ಟಳು. ಪಥ್ಯ ಮಾಡುವ ಹುಡುಗಿ ರೋಗಿ, ವ್ರತ ಮಾಡುವ ಹುಡುಗಿ ಗುಣವಂತೆ. ಅವ್ವನಿಗೆ ಅದು ತಟ್ಟನೆ ಹೊಳೆದಿತ್ತು. ಕಾಲಿಗೆ ತಂಪು ತಾಗಬಾರದು ಎಂದು ವೈದ್ಯರು ಹೇಳಿದ್ದರೂ, ಆವತ್ತಿನಿಂದ ನಾನು ಬರಿಗಾಲಲ್ಲಿ ಕಾಲೇಜಿಗೆ ಹೋಗಬೇಕಾಯಿತು. ಸಹೋದ್ಯೋಗಿಗಳು ನನ್ನ ಮುಂದೆ ಡಬ್ಬಿ ಬಿಚ್ಚಲು ಸಂಕೋಚಪಟ್ಟು ಗೋಡೆಯ ಕಡೆ ತಿರುಗಿ ಉಣ್ಣುತ್ತಿದ್ದರು. ನಾನು ತಲೆ ತಗ್ಗಿಸಿ ಉತ್ತರಪತ್ರಿಕೆ ನೋಡುತ್ತಿದ್ದೆ. ಮೈಗೆ ಹಚ್ಚಿದ ಎಣ್ಣೆಯ ವಾಸನೆ ಬಡಿಯಬಾರದೆಂದು ಕಿಟಕಿಯ ಪಕ್ಕದ ಕುರ್ಚಿಯಲ್ಲೇ ಕೂಡುತ್ತಿದ್ದೆ.

ನವರಾತ್ರಿ ಅರ್ಧ ಕಳೆದಿತ್ತು. ಒಂದು ಮಧ್ಯಾಹ್ನ ಅಥಣಿಯಿಂದ ಹುಡುಗನ ತಾಯಿ ಒಬ್ಬರೇ ಬಂದರು. ಕೈಯಲ್ಲಿ ತೆಂಗಿನಕಾಯಿ, ಒಂದು ಕುಪ್ಪಸದ ಕಣ. ಎತ್ತರದ ಹೆಂಗಸು, ಮಾತು ಗಟ್ಟಿ, ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಫೋನಿನ್ಯಾಗ ನೀವು ಹೇಳಿದ್ರಲ್ಲ, ಹುಡುಗಿ ನಿರಾಹಾರ ಹಿಡದಾಳಂತ. ನೋಡಿ ಹೋಗಬೇಕನಸ್ತು," ಎಂದರು ಅವ್ವನಿಗೆ. ಅವ್ವ ಇದನ್ನು ಫೋನಿನಲ್ಲಿ ಅಥಣಿಗೂ ಹೇಳಿದ್ದಾಳೆಂದು ನನಗೆ ಗೊತ್ತಾದದ್ದು ಆಗಲೇ. ಬಾತ ಬೆರಳುಗಳನ್ನು ದುಪಟ್ಟಾದೊಳಗೆ ಸೇರಿಸಿಕೊಂಡೆ.

ಅವರು ನನ್ನನ್ನು ಹತ್ತಿರ ಕೂಡಿಸಿಕೊಂಡರು. "ಕಲತ ಹುಡುಗ್ಯಾರು ಇದನ್ನೆಲ್ಲಾ ಎಲ್ಲಿ ಮಾಡ್ತಾರ? ನನಗ ಸಕ್ಕರಿ ಬ್ಯಾನಿ ಐತವ್ವ. ಡಾಕ್ಟರ್ ಬ್ಯಾಡ ಅಂದ್ರು, ಮಗಾ ಬ್ಯಾಡ ಅಂದ, ಬಿಟ್ಟಬಿಟ್ಟಿದ್ದೆ. ನಿನ್ನ ಸುದ್ದಿ ಕೇಳಿ ನಾಚಿಕಿ ಬಂತು. ಸೊಸಿ ಆಗಾಕಿ ಉಪವಾಸ, ಅತ್ತಿ ಆಗಾಕಿ ಊಟ, ಚಂದ ಕಾಣತೈತೇನು? ನಾಳಿಂದ ನಾನೂ ಘಟ ಏಳೂತನಕಾ ನೀರಿನ ಮ್ಯಾಲ ಇರ್ತೀನಿ."

"ಗುಳಿಗಿ?" ಎಂದೆ.

"ಗುಳಿಗಿ ನುಂಗ್ತೀನಿ. ಅದೇನ ಅನ್ನ ಅಲ್ಲಲ್ಲ." ಅವರು ನಕ್ಕರು.

ನಿಪ್ಪಾಣಿಯ ಬೆಂಚು, ಆ ರೈತ, ಆ ಬೈಗುಳ ಎಲ್ಲ ಒಮ್ಮೆಲೆ ನೆನಪಾಯಿತು. ಹೇಳಬೇಕಾದದ್ದು ಒಂದೇ ಮಾತು. ಅವ್ವನ ಕಡೆ ನೋಡಿದೆ. ಅವಳು ಚಹದ ಕಪ್ಪು ಇಡುವ ನೆಪದಲ್ಲಿ ನನ್ನ ಮೊಣಕಾಲು ಒತ್ತಿದಳು. "ಆಗಲಿ ಬಿಡ್ರಿ, ದೇವಿ ಶಕ್ತಿ ಕೊಡ್ತಾಳ," ಎಂದಳು. ಅವರು ನನ್ನ ಉಡಿಗೆ ತೆಂಗಿನಕಾಯಿ ಹಾಕಿದರು. ಬೆಳಗಿನಿಂದ ಎರಡು ಸಲ ಉಂಡ ಹೊಟ್ಟೆಯ ಮೇಲೆ ಆ ಕಾಯಿ ಹಿಡಿದುಕೊಂಡು ಕುಳಿತಿದ್ದೆ. ಅವರು ಏಳುವಾಗ ನಾನು ಅವರ ಕಾಲು ಮುಟ್ಟಲು ಬಗ್ಗಿದರೆ ತಡೆದರು. ವ್ರತದಲ್ಲಿ ಇರುವವಳು ಬಗ್ಗಬಾರದಂತೆ.

ಅವರು ಹೋದ ಮೇಲೆ ಅವ್ವನನ್ನು ಕೇಳಿದೆ. "ಅವರಿಗಿ ಏನರ ಆದ್ರ?"

"ಏನೂ ಆಗೂದಿಲ್ಲ. ಒಂದ ದಿನಾ ಮಾಡ್ತಾರ, ಹಸಿವಿ ಆದ್ರ ತಾವ ಉಣತಾರ."

"ಅವರು ಬಿಡೂ ಪೈಕಿ ಅಲ್ಲ."

"ಮತ್ತೇನ ಮಾಡೂಣು? ನನ್ನ ಮಗಳಿಗಿ ಕೈ ಮಡಚಾಕ ಬರೂದಿಲ್ಲ, ಅದಕ್ಕ ಅನ್ನಾ ಉಣ್ಣಾಕತ್ತಾಳ ಅಂತ ಹೇಳ್ಲಿ?" ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಸುಮ್ನಿರು ಬೇ. ನಾ ಏನ ನನಗಾಗಿ ಮಾಡಾಕತ್ತಿಲ್ಲ."

ಅದು ನಿಜವೇ ಆಗಿತ್ತು. ಅದಕ್ಕೇ ಅವಳ ಮೇಲೆ ಸಿಟ್ಟು ಬರಲಿಲ್ಲ. ಸಂಜೆ ಅವಳು ನನ್ನ ಬೆರಳು ಒಂದೊಂದಾಗಿ ಹಿಡಿದು ಎಣ್ಣೆ ತಿಕ್ಕಿದಳು. ಕಾಯಿಲೆಯ ಬಗ್ಗೆ ನನಗಿದ್ದ ನಾಚಿಕೆ ಹಳೆಯದು, ಮೈಗೆ ಹೊಂದಿಕೊಂಡದ್ದು. ಇದು ಬೇರೆ. ನನ್ನಂಥದೇ ಬಿಡದ ಕಾಯಿಲೆ ಇರುವ ಒಬ್ಬ ಹೆಂಗಸು ನನ್ನನ್ನು ನೋಡಿ ನಾಚಿಕೊಂಡು ಊಟ ಬಿಡಲು ಹೊರಟಿದ್ದರು. ಫೋನ್ ಮಾಡಬಹುದಿತ್ತು. ಆದರೆ ಆ ಮನೆಯ ಫೋನು ಹೆಚ್ಚಾಗಿ ಮಗನ ಬಳಿ ಇರುತ್ತಿತ್ತು. ಅವನಿಗೆ ಹೇಳಿದರೆ ತಾಯಿ ಕೇಳುವುದಿಲ್ಲ. ಅವನ ಮಾತು ಕೇಳಿ ವ್ರತ ಬಿಟ್ಟದ್ದಕ್ಕೇ ಅವರು ಈಗ ನಾಚಿಕೊಂಡಿದ್ದರು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಅಥಣಿಗೆ ಹೊರಟೆ. ಕಾಲೇಜಿಗೆ ಬೇಗ ಹೋಗಬೇಕು ಎಂದಷ್ಟೇ ಅವ್ವನಿಗೆ ಹೇಳಿದ್ದೆ. ರಾಯಬಾಗ ದಾಟುವವರೆಗೂ ಬೆರಳು ಬಿಚ್ಚಲಿಲ್ಲ. ಕಂಡಕ್ಟರನಿಗೆ ಹಣವನ್ನು ಎರಡೂ ಅಂಗೈಗಳ ನಡುವೆ ಹಿಡಿದು ಕೊಟ್ಟೆ.

ಹುಡುಗನ ತಾಯಿ ಮನೆಯ ಕಟ್ಟೆಯ ಮೇಲೆ ಕಂಬಕ್ಕೆ ಒರಗಿ ಕುಳಿತಿದ್ದರು. ಹಣೆಯ ಮೇಲೆ ಬೆವರು. ಎದುರಿಗೆ ನೀರಿನ ತಂಬಿಗೆ.

"ನೀ ಯಾಕ ಬಂದಿ ಇಷ್ಟ ಲಗೂನ?"

"ಗುಳಿಗಿ ನುಂಗೀರೇನ್ರಿ ಮಾವಶಿ?"

"ಹೂಂ. ಜರಾ ಕೈ ನಡಗಾಕತ್ತಾವು. ರೂಢಿ ತಪ್ಪೈತಿ, ಅದಕ್ಕ."

ರೂಢಿ ತಪ್ಪಿದ್ದಲ್ಲ, ಖಾಲಿ ಹೊಟ್ಟೆಯ ಗುಳಿಗೆಗೆ ಮೈಯ ಸಕ್ಕರೆ ಇಳಿದಿತ್ತು. ನಾನು ಕೇಳದೆಯೇ ಅವರ ಅಡುಗೆಮನೆಗೆ ಹೋಗಿ, ಡಬ್ಬಿಗಳನ್ನು ತೆರೆದು ನೋಡಿ, ನೀರಿಗೆ ಸಕ್ಕರೆ ಕದಡಿ ತಂದು ಕುಡಿಸಿದೆ. ಸಕ್ಕರೆಯೇ ಎಂದು ಅವರು ಮುಖ ತಿರುಗಿಸಿದಾಗ, "ಸಕ್ಕರಿ ಉಪವಾಸಕ್ಕ ನಡೀತೈತ್ರಿ, ಕುಡೀರಿ," ಎಂದೆ. ಕುಡಿದರು. ಸ್ವಲ್ಪ ಹೊತ್ತಿಗೆ ಕೈ ನಡುಕ ನಿಂತಿತು. ಆಗ ಹೇಳಿದೆ: ನನಗೆ ಸಂಧಿವಾತ ಇದೆ, ನಾನು ಯಾವ ವ್ರತವನ್ನೂ ಹಿಡಿದಿಲ್ಲ, ದಿನಾ ಅನ್ನ ಉಣ್ಣುತ್ತಿದ್ದೇನೆ, ನೀವು ಗುಳಿಗೆ ತೆಗೆದುಕೊಂಡು ಹಸಿದಿರಬಾರದು.

ಅವರು ಖಾಲಿ ಲೋಟವನ್ನು ಕೆಳಗಿಟ್ಟರು.

"ಬ್ಯಾನಿ ಇದ್ರ ಇತ್ತು. ದೇವಿ ಹೆಸರ ಯಾಕ ಹೇಳಿದ್ರಿ?"

ಸಕ್ಕರೆ ನೀರು ಅವರನ್ನು ಬಹಳ ಹೊತ್ತು ಹಿಡಿದಿಡುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಮತ್ತೆ ಒಳಗೆ ಹೋದೆ. ಅಕ್ಕಿ, ಹೆಸರುಬೇಳೆ ತೊಳೆದು ಪಾತ್ರೆಗೆ ಹಾಕಿದೆ. ಅವರು ಎದ್ದು ಬಂದು ಬಾಗಿಲಲ್ಲಿ ನಿಂತರು. ಗ್ಯಾಸಿನ ಗುಂಡಿ ಬಿಗಿಯಾಗಿತ್ತು, ಬೆರಳಿಗೆ ಬಗ್ಗಲಿಲ್ಲ. ಅವರು ನೋಡುತ್ತಿರುವಂತೆಯೇ ಎರಡೂ ಅಂಗೈ ಒತ್ತಿ ಅದನ್ನು ತಿರುಗಿಸಿದೆ.